ಮನೆಯ ಪ್ಲಾಸ್ಟಿಕ್ಕು: ಮೂರು ಪಾಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಬೆಳೆಗಾರ ಬಂಧುಗಳು ಮನೆಮಂದಿಯೆಲ್ಲ ಸೇರಿ ಪ್ಲಾಸ್ಟಿಕ್ಕನ್ನು ಮೂರು ಪಾಲು ಮಾಡಬೇಕೆಂದು ನಾವು ಕೋರುತ್ತೇವೆ.

ಮೊದಲನೆಯದು ಮತ್ತೆ ಬಳಸುವುದು. ಗೊಬ್ಬರದ ಚೀಲ ತೊಳೆದರೆ ತರಗು, ಮಣ್ಣು ಹೊರಲು ಆಗುತ್ತದೆ. ದವಸಕ್ಕೆ ಮಾತ್ರ ಬೇಡ.

ಎರಡನೆಯದು ಮಾರುವುದು. ಹಾಲಿನ ಪೊಟ್ಟಣಗಳನ್ನು ತೊಳೆದು ಕೂಡಿಟ್ಟರೆ ಗುಜರಿಯವರು ಕೊಳ್ಳುತ್ತಾರೆ. ಕತ್ತರಿಸುವಾಗ ಮೂಲೆಯ ಚೂರು ಅಂಟಿಕೊಂಡೇ ಇರಲಿ. ಬೇರ್ಪಟ್ಟರೆ ಅದು ತಿಪ್ಪೆಯ ಮೂಲಕ ತೋಟ ಸೇರುತ್ತದೆ.

ಮೂರನೆಯದು ಕೀಟನಾಶಕದ ಡಬ್ಬಿ. ಎಷ್ಟು ತೊಳೆದರೂ ಅದನ್ನು ಎಣ್ಣೆಗೆ, ನೀರಿಗೆ ಬಳಸಕೂಡದು. ಮರುಬಳಕೆ ತಡೆಯಲೆಂದೇ 1971ರ ಕೀಟನಾಶಕ ನಿಯಮಗಳು ಅದನ್ನು ಒಡೆದು, ವಾಸಸ್ಥಳದಿಂದ ದೂರ ಹೂಳಬೇಕೆನ್ನುತ್ತವೆ.

ಯಾವ ಪಾಲನ್ನೂ ಹಂಡೆಯ ಒಲೆಗೆ ಹಾಕಬೇಡಿ. ಆ ವಿಷದ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕುಳಿತವರ ಎದೆಯನ್ನು.