ಹೊಲದ ಊಟ, ಕಟ್ಟೆಯ ಬಾಳು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲವನು ಎಂದರೆ ಯಾರು? ರುಚಿಯನ್ನು ಬಲ್ಲವನೇ? ಅಡುಗೆಯನ್ನು ಬಲ್ಲವನೇ? ಅಲ್ಲ. ತನ್ನ ದೇಹಕ್ಕೆ, ತನ್ನ ದುಡಿಮೆಗೆ, ತನ್ನ ವಯಸ್ಸಿಗೆ ಎಷ್ಟು ಬೇಕು, ಎಷ್ಟು ಸಾಕು ಎಂಬ ಅಳತೆಯನ್ನು ಬಲ್ಲವನೇ ಊಟ ಬಲ್ಲವನು. ಈ ಅಳತೆ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ತಪ್ಪಿಹೋಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇಲ್ಲದ ಮನೆಯನ್ನು ಹುಡುಕಬೇಕಾದ ದಿನಗಳಲ್ಲಿ ನಾವಿದ್ದೇವೆ. ಆದ್ದರಿಂದ ಈ ವಾರ ತಾಟಿನ ಮುಂದೆ ಕುಳಿತು ತುಸು ಯೋಚಿಸೋಣ.

ಲೋಕಾಪುರದ ಸುತ್ತಲಿನ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಮೊದಲಿನಿಂದಲೂ ಕಷ್ಟಜೀವಿಗಳ ನಾಡು. ಕಬ್ಬು ಕಡಿಯುವುದು, ಗಾಣ ನಡೆಸುವುದು, ಕುಣಿಮಗ್ಗದಲ್ಲಿ ಕೈಕಾಲುಗಳೆರಡನ್ನೂ ಆಡಿಸುತ್ತ ಸೀರೆ ನೇಯುವುದು, ಎತ್ತಿನ ಹಿಂದೆ ನಡೆದು ರಂಟೆ ಹೊಡೆಯುವುದು ಇಲ್ಲಿಯ ದಿನಚರಿಯಾಗಿತ್ತು. ತಾಯಂದಿರು ನಸುಕಿನಲ್ಲೆದ್ದು ಬೀಸುಕಲ್ಲು ತಿರುಗಿಸುತ್ತಿದ್ದರು. ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ಅಂಥ ದೇಹಕ್ಕೆ ನಾಲ್ಕು ರೊಟ್ಟಿ ಸಾಲುತ್ತಿರಲಿಲ್ಲ. ಹಬ್ಬದ ದಿನ ಹೋಳಿಗೆಯ ಮೇಲೆ ಹೋಳಿಗೆ ಉಂಡರೂ ಮರುದಿನದ ಹೊಲ ಅದನ್ನು ಕರಗಿಸುತ್ತಿತ್ತು. 'ವ್ಯಾಯಾಮ' ಎಂಬ ಬೇರೊಂದು ಕೆಲಸ ಯಾರಿಗೂ ಬೇಕಿರಲಿಲ್ಲ, ಬದುಕೇ ವ್ಯಾಯಾಮವಾಗಿತ್ತು.

ಇಂದು ರಂಟೆಯ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ, ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ. ಹಿಟ್ಟು ಗಿರಣಿಯಿಂದ, ನೀರು ನಲ್ಲಿಯಿಂದ. ಸೈಕಲ್ ತುಳಿಯುತ್ತಿದ್ದ ಶಿಕ್ಷಕರು ಮೋಟಾರ್ ಸೈಕಲ್ಲಿನ ಮೇಲಿದ್ದಾರೆ. ಓಣಿಯ ತುದಿಯ ಅಂಗಡಿಗೂ ನಾವು ಗಾಡಿ ಹೂಡುತ್ತೇವೆ. ಇದರಲ್ಲಿ ದುಃಖಪಡುವುದೇನೂ ಇಲ್ಲ. ಬೆನ್ನು ಮುರಿಯುವ ದುಡಿಮೆಯಿಂದ ಬಿಡುಗಡೆ ದೊರೆತದ್ದು ಒಳಿತೇ. ಆದರೆ ದುಡಿಮೆ ಇಳಿದರೂ ತಾಟು ಇಳಿಯಲಿಲ್ಲ. ನಾವು ಹೊಲದಲ್ಲಿ ದುಡಿಯುವವನ ಊಟ ಉಣ್ಣುತ್ತಿದ್ದೇವೆ. ಕಟ್ಟೆಯ ಮೇಲೆ ಕೂಡುವವನ ಬಾಳು ಬಾಳುತ್ತಿದ್ದೇವೆ. ನಮ್ಮ ಕಾಯಿಲೆಗಳಲ್ಲಿ ಬಹುಪಾಲಿನ ಬೇರು ಇಲ್ಲಿದೆ.

ತೆಳ್ಳಗಿದ್ದವರಿಗೂ ಎಚ್ಚರಿಕೆ

ಇದು ಪಟ್ಟಣದ ಸಿರಿವಂತರ ಸಮಸ್ಯೆ ಎಂದು ಕೈತೊಳೆದುಕೊಳ್ಳುವಂತಿಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 21 ಮಂದಿ ಅಧಿಕ ತೂಕದವರಿದ್ದರು. 2019–21ರ ಸಮೀಕ್ಷೆಯಲ್ಲಿ ಅದು 24ಕ್ಕೆ ಏರಿತು. ಅದೇ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮೈ ತುಂಬಿದೆ, ರಕ್ತ ತುಂಬಿಲ್ಲ! ಹೊಟ್ಟೆ ತುಂಬುವುದೂ ಪೋಷಣೆ ದೊರೆಯುವುದೂ ಒಂದೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದೂ, ಸುಮಾರು 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ.

ನಮ್ಮ ದೇಹಕ್ಕೆ ಇನ್ನೊಂದು ವಿಶೇಷವಿದೆ. ಪುಣೆಯ ವೈದ್ಯ ಡಾ. ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಮಿತ್ರ ಡಾ. ಜಾನ್ ಯುಡ್ಕಿನ್ 2004ರಲ್ಲಿ ಒಂದು ಹೋಲಿಕೆಯನ್ನು ಪ್ರಕಟಿಸಿದರು. ಎತ್ತರಕ್ಕೂ ತೂಕಕ್ಕೂ ಇರುವ ಅನುಪಾತ ಇಬ್ಬರದೂ ಒಂದೇ, 22.3. ಹೊರನೋಟಕ್ಕೆ ಇಬ್ಬರೂ ತೆಳ್ಳನೆಯವರೇ. ಆದರೆ ಅಳೆದು ನೋಡಿದಾಗ ಆಂಗ್ಲ ವೈದ್ಯರ ಮೈಯಲ್ಲಿ ಕೊಬ್ಬು ನೂರಕ್ಕೆ 9ರಷ್ಟು, ನಮ್ಮವರ ಮೈಯಲ್ಲಿ 21ರಷ್ಟು! ತೂಕ ಹೆಚ್ಚದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕೂಡುವುದು ಭಾರತೀಯರಲ್ಲಿ ಸಾಮಾನ್ಯ. ಆದ್ದರಿಂದಲೇ ನಮ್ಮ ವೈದ್ಯರು ಆ ಅನುಪಾತ 23 ದಾಟಿದರೆ ಅಧಿಕ ತೂಕವೆಂದೂ, ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಬಾರದೆಂದೂ ಹೇಳುತ್ತಾರೆ.

ಇದನ್ನು ಅರಿಯಲು ಯಂತ್ರವೇನೂ ಬೇಡ. ನೂಲಿಗೆ ಹೆಸರಾದ ರಬಕವಿ-ಬನಹಟ್ಟಿಯ ನೆರೆಯವರಾದ ನಮಗೆ ಒಂದು ನೂಲೆಳೆ ಸಾಕು. ನಿಮ್ಮ ಎತ್ತರದಷ್ಟು ನೂಲನ್ನು ತೆಗೆದುಕೊಂಡು ಅದನ್ನು ಎರಡಾಗಿ ಮಡಚಿರಿ. ಆ ಅರ್ಧ ನೂಲು ನಿಮ್ಮ ಹೊಟ್ಟೆಯನ್ನು ಸುತ್ತಿ ಬರಬೇಕು. ತುದಿಗಳು ಕೂಡದಿದ್ದರೆ ಅದೊಂದು ಎಚ್ಚರಿಕೆ.

ಮಲ್ಲನ ಊಟ ಮಲ್ಲನಿಗೆ

ಹಾಗಾದರೆ ಸರಿಯಾದ ಅಳತೆ ಯಾವುದು? ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು ಸದ್ಗುಣವೆಂದರೆ ಅತಿಗೂ ಕೊರತೆಗೂ ನಡುವಿನ ಮಧ್ಯಮ ಮಾರ್ಗವೆಂದು ವಿವರಿಸುವಾಗ ತೆಗೆದುಕೊಂಡ ಉದಾಹರಣೆ ಊಟದ್ದೇ. ಹತ್ತು ಪಾಲು ಅತಿಯಾಯಿತು, ಎರಡು ಪಾಲು ಕಡಿಮೆಯಾಯಿತು ಎಂದ ಮಾತ್ರಕ್ಕೆ ಎಲ್ಲರಿಗೂ ಆರು ಪಾಲು ಬಡಿಸುವುದು ಸರಿಯಲ್ಲ. ಅದು ಹೆಸರಾಂತ ಕುಸ್ತಿಪಟು ಮೈಲೋನಿಗೆ ಸಾಲದು, ಕುಸ್ತಿಗೆ ಹೊಸದಾಗಿ ಸೇರಿದವನಿಗೆ ಹೆಚ್ಚು ಎನ್ನುತ್ತಾನೆ ಅವನು. ಗರಡಿಮನೆಗಳನ್ನೂ ಜಾತ್ರೆಯ ಕುಸ್ತಿಗಳನ್ನೂ ಸಂಗ್ರಾಣಿ ಕಲ್ಲೆತ್ತುವ ಜಟ್ಟಿಗಳನ್ನೂ ಕಂಡ ನಮ್ಮ ಸೀಮೆಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಜಟ್ಟಿಯ ಹಾಲು-ತುಪ್ಪ ಜಟ್ಟಿಗೆ ಬಲ. ಗಲ್ಲೆಯ ಮೇಲೆ ಕುಳಿತ ವ್ಯಾಪಾರಿಗೆ ಅದೇ ಹೊರೆ. ಮುಧೋಳದ ಬೇಟೆನಾಯಿಯನ್ನು ನೋಡಿರಿ. ಅದರ ಸಪೂರ ಮೈ ಓಟಕ್ಕೆ ಹೇಳಿ ಮಾಡಿಸಿದ್ದು. ಅದನ್ನೇ ಅಂಗಳದಲ್ಲಿ ಕಟ್ಟಿಹಾಕಿ ಮೂರು ಹೊತ್ತು ಉಣಿಸಿದರೆ ಅದರ ಮೈಯೂ ಕೆಡುತ್ತದೆ.

ಸಂತ ಥಾಮಸ್ ಅಕ್ವಿನಾಸರು ಈ ವಿಚಾರವನ್ನು ಇನ್ನಷ್ಟು ಆಳಕ್ಕೆ ಒಯ್ದರು. ಹೊಟ್ಟೆಬಾಕತನದ ದೋಷವಿರುವುದು ಆಹಾರದಲ್ಲಲ್ಲ, ಅಂಕೆ ಮೀರಿದ ಆಸೆಯಲ್ಲಿ ಎಂದು ಅವರು ಕಲಿಸಿದರು. ಆಸೆಯಿಂದಲ್ಲದೆ, ತನಗೆ ಇಷ್ಟು ಬೇಕೇ ಬೇಕೆಂದು ತಪ್ಪಾಗಿ ತಿಳಿದು ಹೆಚ್ಚು ಉಂಡವನದು ಹೊಟ್ಟೆಬಾಕತನವಲ್ಲ, ಅನುಭವದ ಕೊರತೆ ಎಂಬುದು ಅವರ ವಿವೇಚನೆ. ಈ ಭೇದ ನಮಗೆ ಬಹಳ ಮುಖ್ಯ. ದಪ್ಪಗಿರುವವರನ್ನು ಕಂಡೊಡನೆ 'ತಿಂದು ತಿಂದು ಹೀಗಾಗಿದ್ದಾರೆ' ಎಂದು ನಗುವ ಕೆಟ್ಟ ಚಾಳಿ ನಮ್ಮಲ್ಲಿದೆ. ತೂಕಕ್ಕೆ ಹುಟ್ಟಿನಿಂದ ಬಂದ ಗುಣ, ಥೈರಾಯ್ಡ್ ದೋಷ, ಕೆಲವು ಔಷಧಿಗಳು, ಹೆರಿಗೆ, ನಿದ್ರೆಗೇಡು, ಮನಸ್ಸಿನ ದುಗುಡ ಹೀಗೆ ಹತ್ತಾರು ಕಾರಣಗಳುಂಟು. ತೂಕದ ಯಂತ್ರವು ಪಾಪನಿವೇದನೆಯ ಪೀಠವಲ್ಲ. ತೆಳ್ಳನೆಯವನೂ ಹೊಟ್ಟೆಬಾಕನಾಗಿರಬಹುದು; ದಪ್ಪನೆಯವನು ಮಿತಾಹಾರಿಯಾಗಿರಬಹುದು. ಮಕ್ಕಳ ಮೈಯನ್ನಂತೂ ಎಂದೂ ಹಾಸ್ಯಕ್ಕೆ ಗುರಿಮಾಡಬಾರದು. ಆ ಗಾಯ ಮಾಯುವುದಿಲ್ಲ.

ನಮ್ಮ ಸೀಮೆಯ ತಪ್ಪು ಬಹುಮಟ್ಟಿಗೆ ಅಕ್ವಿನಾಸರು ಹೇಳಿದ ಎರಡನೆಯ ಬಗೆಯದು. ಅಜ್ಜನ ಕಾಲದ ಅಳತೆಯನ್ನೇ ಮೊಮ್ಮಕ್ಕಳ ತಾಟಿಗೂ ಬಡಿಸುತ್ತಿದ್ದೇವೆ. ಇದು ಪ್ರೀತಿಯಿಂದ ಆಗುತ್ತಿರುವ ತಪ್ಪು. ಆದರೆ ತಪ್ಪೆಂದು ತಿಳಿದ ಮೇಲೆ ಅದನ್ನು ಮುಂದುವರಿಸುವುದಕ್ಕೆ ಅರಿಯದವರೆಂಬ ನೆಪವಿಲ್ಲ.

ಅಡುಗೆಮನೆಯ ಲೆಕ್ಕ

ಒಂದು ಸಣ್ಣ ಲೆಕ್ಕ ಮಾಡೋಣ. ಬಂದವರ ಜೊತೆಗೊಂದು, ಹೋದವರ ಜೊತೆಗೊಂದು ಎಂದು ದಿನಕ್ಕೆ ಆರು ಕಪ್ ಚಹಾ ಕುಡಿಯುವವರು ನಮ್ಮಲ್ಲಿ ಅಪರೂಪವಲ್ಲ. ಕಪ್ಪಿಗೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ ಎಂದರೂ 60 ಗ್ರಾಂ ಆಯಿತು. ಗ್ರಾಂ ಒಂದಕ್ಕೆ 4 ಕ್ಯಾಲೊರಿಯಂತೆ 240 ಕ್ಯಾಲೊರಿ. ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ ಅಷ್ಟೇ! ದೊಡ್ಡವರಿಗೆ ಇಂಥ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 'ನಾವು ಸಕ್ಕರೆ ಮುಟ್ಟುವುದಿಲ್ಲ, ಮಹಾಲಿಂಗಪುರದ ಬೆಲ್ಲವೇ' ಎಂದು ಕೆಲವರು ಹೆಮ್ಮೆಪಡುತ್ತಾರೆ. ಬೆಲ್ಲದ ರುಚಿಯ ಬಗ್ಗೆ ತಕರಾರಿಲ್ಲ. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಎರಡೂ ಬಹುತೇಕ ಸಮ. ಬೆಲ್ಲ ಬೆಳೆಯುವ ಊರಿನವರಿಗೆ ಇದು ಕಹಿಯಾದರೂ ಸತ್ಯ.

ಹಾಗೆಂದು ನಮ್ಮ ಅಡುಗೆಯನ್ನು ಬಿಟ್ಟು ಪರದೇಶದ ಪಥ್ಯ ಹಿಡಿಯಬೇಕಿಲ್ಲ. ಜೋಳದ ರೊಟ್ಟಿಯಲ್ಲಿ ನಾರಿದೆ, ನಿಧಾನವಾಗಿ ಜೀರ್ಣವಾಗುತ್ತದೆ. ಆದರೆ ಜೋಳವೂ ಧಾನ್ಯವೇ. ಅದರ ಶಕ್ತಿ ಗೋಧಿ-ಅಕ್ಕಿಗಳಿಗಿಂತ ಬಹಳ ಕಡಿಮೆಯೇನಲ್ಲ. ರೊಟ್ಟಿ ಆರೋಗ್ಯಕ್ಕೆ ಒಳ್ಳೆಯದೆಂದು ಆರು ತಿಂದು, ಮೇಲೆ ಒಂದು ಬಟ್ಟಲು ಅನ್ನ ಉಂಡರೆ ಫಲವಿಲ್ಲ. ರೊಟ್ಟಿ ಎರಡಕ್ಕಿಳಿಯಲಿ, ಪಲ್ಲೆ ಎರಡು ಪಟ್ಟಾಗಲಿ. ಪುಂಡಿಪಲ್ಲೆ, ಮೆಂತ್ಯ, ಹಕ್ಕರಿಕೆ, ಮಡಕಿಕಾಳು, ಹೆಸರುಕಾಳು, ಝುಣಕ, ನೀರು ಮಜ್ಜಿಗೆ ಇವೆಲ್ಲ ನಮ್ಮ ಅಂಗಳದ ಸಂಪತ್ತು. ತಾಟಿನ ಅರ್ಧಭಾಗ ಕಾಯಿಪಲ್ಲೆ-ಹಣ್ಣುಗಳಿಂದ ತುಂಬಬೇಕೆಂದು 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳಿದೆ. ಶೇಂಗಾ ಹಿಂಡಿ ಒಳ್ಳೆಯದೇ, ಆದರೆ ಮೇಲೆ ಸುರಿಯುವ ಎಣ್ಣೆಗೆ ಗ್ರಾಮಿಗೆ 9 ಕ್ಯಾಲೊರಿ ಎಂಬುದು ನೆನಪಿರಲಿ. ಸಂಜೆಯ ಮಿರ್ಚಿ ಭಜಿ ವಾರಕ್ಕೊಮ್ಮೆಯ ಸಂತೋಷವಾಗಲಿ, ದಿನದ ಪದ್ಧತಿಯಾಗುವುದು ಬೇಡ.

ಇನ್ನು ನಮ್ಮ ಉಪಚಾರ. 'ಇನ್ನೊಂದು ಹೋಳಿಗಿ ಹಾಕ್ಕೊಳ್ರಿ, ಇಷ್ಟಕ್ಕೇ ಸಾಕಾತೇನ್ರಿ?' ಎಂಬ ಮಾತಿನಲ್ಲಿ ಈ ನಾಡಿನ ಹೃದಯವಿದೆ. ಆದರೆ ಸಕ್ಕರೆ ಕಾಯಿಲೆಯ ಅತಿಥಿಗೆ ಒತ್ತಾಯದಿಂದ ಬಡಿಸುವ ಹೋಳಿಗೆ ಪ್ರೀತಿಯಲ್ಲ. 'ಸಾಕು' ಎಂದವರ ಮಾತನ್ನು ಒಮ್ಮೆಗೇ ನಂಬುವುದು ಇಂದಿನ ಕಾಲದ ಆತಿಥ್ಯ.

ಮನೆಯ ತಾಯಂದಿರನ್ನು ಕುರಿತು ಒಂದು ಮಾತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು ಅವರ ರೂಢಿ. ಪಲ್ಲೆ ತೀರಿರುತ್ತದೆ, ಅನ್ನ ಉಳಿದಿರುತ್ತದೆ. ಅನ್ನ ಚೆಲ್ಲಬಾರದೆಂದು ಹಸಿವಿಲ್ಲದಿದ್ದರೂ ಉಣ್ಣುತ್ತಾರೆ. ಮೈ ಭಾರ ಮತ್ತು ರಕ್ತಹೀನತೆ ಒಂದೇ ದೇಹದಲ್ಲಿ ಕೂಡಲು ಇದೂ ಒಂದು ಕಾರಣ. ಅನ್ನವನ್ನು ಗೌರವಿಸುವ ಸರಿಯಾದ ದಾರಿ ಅಳೆದು ಬೇಯಿಸುವುದು. ಎಲ್ಲರೂ ಕೂಡಿ ಉಣ್ಣುವ ಮನೆಯಲ್ಲಿ ತಾಯಿಯ ತಾಟಿಗೂ ಪಲ್ಲೆ ಬರುತ್ತದೆ. ಇದು ಪಥ್ಯದ ಮಾತು ಮಾತ್ರವಲ್ಲ, ನ್ಯಾಯದ ಮಾತು.

ಚಾಲಕ ಮತ್ತು ನಿರ್ವಾಹಕ

ದೇಹವನ್ನು ಆಡಿಸುವುದರ ಬೆಲೆಯನ್ನು ತೋರಿಸಿದ ಒಂದು ಅಧ್ಯಯನ ಬಸ್ಸಿನಲ್ಲಿಯೇ ನಡೆಯಿತು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಚಾಲಕರು ದಿನವಿಡೀ ಕುಳಿತಿರುತ್ತಿದ್ದರು. ನಿರ್ವಾಹಕರು ಮೆಟ್ಟಿಲು ಹತ್ತಿಳಿಯುತ್ತಿದ್ದರು. ಒಂದೇ ಸಂಸ್ಥೆ, ಒಂದೇ ಬಸ್ಸು. ಆದರೂ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು ಡಾ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು. ಓಡಾಟವೆಂಬುದು ಹೃದಯಕ್ಕೆ ರಕ್ಷೆ ಎಂಬ ಅರಿವು ಬಲಗೊಂಡದ್ದು ಅಲ್ಲಿಂದ.

ನಮ್ಮ ದೇಶದಲ್ಲಿಯೂ ಅಂಥ ಪಾಠವೊಂದಿದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ ಐನೂರಕ್ಕೂ ಹೆಚ್ಚು ಜನರನ್ನು ಸುಮಾರು ಎರಡೂವರೆ ವರ್ಷ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಊಟದಲ್ಲಿ ಮಿತಿ, ದಿನವೂ ನಡಿಗೆ ಇಷ್ಟನ್ನು ಪಾಲಿಸಿದವರಲ್ಲಿ ಕಾಯಿಲೆಗೆ ತುತ್ತಾಗುವ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ ಎಂಬುದೇ ಇಲ್ಲಿಯ ವಿಶೇಷ! ಆದ್ದರಿಂದ ತಿಂಗಳು ನಡೆದರೂ ಮುಳ್ಳು ಕದಲಲಿಲ್ಲವೆಂದು ನಡಿಗೆಯನ್ನು ಬಿಡಬೇಡಿರಿ. ಯಂತ್ರಕ್ಕೆ ಕಾಣದ ಒಳಿತು ಮೈಯೊಳಗೆ ನಡೆದಿರುತ್ತದೆ.

ವಾರಕ್ಕೆ 150 ನಿಮಿಷ, ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾದ ನಡಿಗೆ ಸಾಕು. ಮಾತನಾಡಲು ಬರಬೇಕು, ಹಾಡಲು ಬರಬಾರದು. ಅದು ನಡಿಗೆಯ ವೇಗ. ಬಿಸಿಲು ಏರುವ ಮುನ್ನ ಶಾಲೆಯ ಮೈದಾನವಿದೆ, ಹೊಲದ ದಾರಿಯಿದೆ. ಒಬ್ಬಳೇ ಹೋಗಲು ಸಂಕೋಚಪಡುವ ತಾಯಂದಿರು ನಾಲ್ಕೈದು ಮಂದಿ ಕೂಡಿ ಹೋಗಲಿ. ಮೂಲೆ ಸೇರಿದ ಸೈಕಲ್ಲಿಗೆ ಗಾಳಿ ತುಂಬಿಸಿರಿ. ವಾರದಲ್ಲಿ ಎರಡು ದಿನ ಬಸ್ಕಿ ತೆಗೆಯುವುದು, ಭಾರ ಎತ್ತುವುದು ಮುಂತಾದ ಸ್ನಾಯು ಬಲಪಡಿಸುವ ಕೆಲಸವೂ ಇರಲಿ.

ಅವಸರ ಬೇಡ

ತಿಂಗಳಲ್ಲಿ ಹತ್ತು ಕಿಲೋ ಇಳಿಸುವೆವೆನ್ನುವ ಪುಡಿಗಳ ಜಾಹೀರಾತನ್ನು ನಂಬಬೇಡಿರಿ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಅವುಗಳಿಗೆ ತಕ್ಕ ರೋಗಿಗಳಿದ್ದಾರೆ. ಆದರೆ ವೈದ್ಯರ ಸಲಹೆಯಿಲ್ಲದೆ ಅವನ್ನು ಮುಟ್ಟಬಾರದು. ಬಿಟ್ಟೊಡನೆ ತೂಕ ಮರಳಿ ಬರುವುದೂ ಉಂಟು. ಸ್ಥೂಲಕಾಯರು ತೂಕದಲ್ಲಿ ನೂರಕ್ಕೆ ಐದರಷ್ಟನ್ನು ನಿಧಾನವಾಗಿ ಇಳಿಸಿದರೂ ಸಕ್ಕರೆಗೂ ಒತ್ತಡಕ್ಕೂ ಲಾಭವುಂಟು. ಪ್ರಯತ್ನವಿಲ್ಲದೆ ತಾನಾಗಿಯೇ ತೂಕ ಇಳಿಯುತ್ತಿದ್ದರೆ ಸಂತೋಷಪಡದೆ ವೈದ್ಯರನ್ನು ಕಾಣಬೇಕು.

ತಪಸ್ಸು ಕಾಲದ ಉಪವಾಸವನ್ನು ಕೆಲವರು ತೂಕ ಇಳಿಸುವ ಉಪಾಯವೆಂದೆಣಿಸುತ್ತಾರೆ. ಅದರ ಗುರಿ ಬೇರೆ. ಮನಸ್ಸನ್ನು ದೇವರ ಕಡೆಗೂ ಕೈಯನ್ನು ಬಡವರ ಕಡೆಗೂ ತಿರುಗಿಸುವುದು. ಹಗಲು ಉಪವಾಸವಿದ್ದು ಸಂಜೆ ಸಾಬೂದಾಣಿ-ಶೇಂಗಾದಿಂದ ಹೊಟ್ಟೆ ಬಿರಿಯುವಂತೆ ತಿಂದರೆ ಎರಡೂ ಗುರಿಗಳು ತಪ್ಪಿದಂತೆ. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಪ್ರಾಣಕ್ಕೆ ಅಪಾಯ ತರುವ ಉಪವಾಸವನ್ನು ಧರ್ಮಸಭೆ ಯಾರಿಂದಲೂ ಬಯಸುವುದಿಲ್ಲ.

ದೇಹವು ದೇವರಾತ್ಮನ ಆಲಯವೆಂದು ಸಂತ ಪೌಲರು ಕಲಿಸಿದರು. ಆಲಯವನ್ನು ವರ್ಷಕ್ಕೊಮ್ಮೆ ಹಬ್ಬದ ಮುನ್ನ ತೊಳೆದರೆ ಸಾಲದು, ದಿನವೂ ಗುಡಿಸಬೇಕು. ಈ ಭಾನುವಾರ ಮನೆಯವರೆಲ್ಲ ಕೂಡಿ ನೂಲಿನ ಪರೀಕ್ಷೆ ಮಾಡಿರಿ. ಚಹಾದ ಸಕ್ಕರೆಯನ್ನು ಕಪ್ಪಿಗೆ ಒಂದು ಚಮಚಕ್ಕೆ ಇಳಿಸಿರಿ. ಸಂಜೆ ಎಲ್ಲರೂ ಒಟ್ಟಿಗೆ ಅರ್ಧ ಗಂಟೆ ನಡೆದು ಬನ್ನಿರಿ. ಬಂದ ಮೇಲೆ ಅವ್ವನನ್ನೂ ಕೂಡಿಸಿಕೊಂಡು ಊಟಕ್ಕೆ ಕುಳಿತು, ಪಲ್ಲೆಯನ್ನು ಮೊದಲು ಆಕೆಯ ತಾಟಿಗೆ ಬಡಿಸಿರಿ.