ಕಡಲ ದಂಡೆಯ ರೆಕ್ಕೆಹುಳು

ಸಸ್ಯವನ್ನು ತಿಂದು, ಸಮುದ್ರದ ದಂಡೆಯಲ್ಲಿ ಬಾಳಿ, ಕಡೆಗೆ ರೆಕ್ಕೆ ಪಡೆಯುವ ಹುಳುವೊಂದುಂಟು ಎಂದರೆ, ಕೇಳಿದವರು ಕಟ್ಟುಕಥೆಯೆಂದು ನಕ್ಕಾರು. ಆದರೆ ಬ್ರಿಟಿಷ್ ದ್ವೀಪಗಳಲ್ಲಿಯೂ ನಾರ್ವೆ, ಸ್ವೀಡನ್ ದೇಶಗಳ ಕರಾವಳಿಯಲ್ಲಿಯೂ ಅಂಥ ಜೀವಿಯೊಂದು ನಿಜವಾಗಿಯೂ ಇದೆ. ಪ್ರಾಣಿಶಾಸ್ತ್ರಜ್ಞರು ಅದನ್ನು ಸೀಲೋಪ ಫ್ರಿಜಿಡ ಎನ್ನುತ್ತಾರೆ. ನಾವು ಕಡಲಪಾಚಿಯ ನೊಣವೆಂದು ಕರೆಯೋಣ.

ಅಲೆಗಳು ಬಂಡೆಗಳಿಂದ ಕಿತ್ತು ತಂದ ಕಂದು ಪಾಚಿ ಈ ತೀರಗಳಲ್ಲಿ ರಾಶಿರಾಶಿಯಾಗಿ ಬಿದ್ದು ಕೊಳೆಯುತ್ತದೆ. ದಾರಿಹೋಕರು ಮೂಗು ಮುಚ್ಚಿಕೊಂಡು ದಾಟುವ ಆ ತಿಪ್ಪೆಯೇ ಈ ನೊಣಕ್ಕೆ ಸೂತಿಕಾಗೃಹವೂ ಅನ್ನಸತ್ರವೂ ಆಗಿದೆ. ಮೊಟ್ಟೆಯೊಡೆದು ಬಂದ ಮರಿಹುಳು ಕೊಳೆತ ಪಾಚಿಯನ್ನೂ ಅದರಲ್ಲಿ ಹುಟ್ಟುವ ಬ್ಯಾಕ್ಟೀರಿಯಗಳನ್ನೂ ತಿಂದು ಬೆಳೆಯುತ್ತದೆ. ಎರಡು ಸಲ ಪೊರೆ ಕಳಚಿ, ಬಳಿಕ ಗಟ್ಟಿಯಾದ ಕೋಶದೊಳಗೆ ಮಲಗಿ, ರೆಕ್ಕೆಯೊಡನೆ ಹೊರಬರುತ್ತದೆ. ನಮ್ಮ ಗೊಬ್ಬರದ ಗುಂಡಿಯಂತೆ ರಾಶಿಯ ಒಡಲು ಕೊಳೆಯುವಿಕೆಯಿಂದ ಬಿಸಿಯೇರುವುದರಿಂದ, ಹೊರಗೆ ಚಳಿಗಾಲವಿದ್ದರೂ ಒಳಗೆ ಸಂತಾನ ನಡೆದೇ ಇರುತ್ತದೆ.

ಇಷ್ಟು ಸೌಖ್ಯಕ್ಕೆ ಒಂದು ಗಡುವುಂಟು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿನಲ್ಲಿ ಉಬ್ಬರ ಹೆಚ್ಚುವುದನ್ನು ನಾವೆಲ್ಲರೂ ಬಲ್ಲೆವು. ಒಂದು ದೊಡ್ಡ ಉಬ್ಬರ ದಂಡೆಗೇರಿಸಿದ ರಾಶಿಯನ್ನು ಮತ್ತೊಂದು ದೊಡ್ಡ ಉಬ್ಬರ ಕೊಚ್ಚಿಕೊಂಡು ಹೋಗಬಹುದು. ಅಷ್ಟರೊಳಗೆ ಬೆಳೆವಣಿಗೆ ಮುಗಿಯದ ಮರಿಹುಳುಗಳು ಸಮುದ್ರದ ಪಾಲು. ರೆಕ್ಕೆ ಬಂದ ನೊಣಕ್ಕಾದರೋ ಬೇರೆ ಅದೃಷ್ಟ. ಅದರ ಚಪ್ಪಟೆಯಾದ ಮೈ ಪಾಚಿಯ ಸಂದುಗಳಲ್ಲಿ ನುಸುಳಲು ತಕ್ಕದ್ದು. ಮೈಮೇಲಿನ ದಟ್ಟವಾದ ಬಿರುಗೂದಲು ನೀರನ್ನು ಹತ್ತಿರ ಸೇರಿಸದು. ನೀರಿನಲ್ಲಿ ಮುಳುಗಿದರೂ ಗಾಳಿಯ ಗುಳ್ಳೆಯೊಡನೆ ಮೇಲಕ್ಕೆ ತೇಲಿ ಬಂದು ಹಾರಿಹೋಗುತ್ತದೆ. ರೆಕ್ಕೆ ಬರುವುದು ಮೊದಲೋ, ತೆರೆ ಬರುವುದು ಮೊದಲೋ ಎಂಬ ಪಂದ್ಯದ ಮೇಲೆ ಒಂದು ರಾಶಿಯ ಸಂತಾನವೆಲ್ಲ ನಿಂತಿದೆ.

ಈ ಪಂದ್ಯದಲ್ಲಿ ಇಂದು ಮನುಷ್ಯನೂ ಕೈಹಾಕಿದ್ದಾನೆ. ವಿಹಾರಕ್ಕೆ ಬರುವವರ ಸೌಕರ್ಯಕ್ಕಾಗಿ ಅನೇಕ ದಂಡೆಗಳಲ್ಲಿ ಪಾಚಿಯನ್ನು ಯಂತ್ರಗಳಿಂದ ಬಾಚಿ ಸಾಗಿಸುತ್ತಾರೆ. ಸಮುದ್ರವು ಒಂದು ರಾಶಿಯನ್ನು ಒಯ್ದರೆ ಮತ್ತೊಂದನ್ನು ತರುವುದು. ಯಂತ್ರವು ಒಯ್ಯುವುದನ್ನು ಮಾತ್ರ ಬಲ್ಲದು. ರಾಶಿಯೊಡನೆ ಹುಳುಗಳೂ ಹೋಗುತ್ತವೆ. ಅವನ್ನೇ ಹೆಕ್ಕಿ ತಿಂದು ಚಳಿಗಾಲವನ್ನು ಕಳೆಯುವ ದಂಡೆಯ ಹಕ್ಕಿಗಳಿಗೆ ಅಷ್ಟರಮಟ್ಟಿಗೆ ಮೇವು ತಪ್ಪುತ್ತದೆ.

ದಂಡೆ ಶುಭ್ರವಾಗಿರಬೇಕೆಂಬುದು ಯೋಗ್ಯವಾದ ಬಯಕೆಯೇ ಸರಿ. ಆದರೆ ಮನುಷ್ಯರು ಎಸೆದ ಕಸ ಬೇರೆ, ಕಡಲು ತಂದಿಟ್ಟ ಪಾಚಿ ಬೇರೆ. ಮೊದಲನೆಯದನ್ನು ಆಯ್ದು ತೆಗೆದು ಎರಡನೆಯದನ್ನು ಅಲ್ಲಿಯೇ ಬಿಟ್ಟರೆ, ನಮಗೆ ಒಂದಿಷ್ಟು ದುರ್ಗಂಧವಷ್ಟೇ ನಷ್ಟ.