ಆಟದ ಬಯಲಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರು

ಶಾಲೆಯ ವಾರ್ಷಿಕ ಕ್ರೀಡಾಕೂಟದ ದಿನ ದೈಹಿಕ ಶಿಕ್ಷಕರು ಸೀಟಿ ಊದಿ ಮೊದಲು ಹೇಳುವ ಮಾತು, "ಹುಡುಗರು ಒಂದು ಸಾಲು, ಹುಡುಗಿಯರು ಒಂದು ಸಾಲು" ಎಂಬುದು. ಬಹುಪಾಲು ಮಕ್ಕಳು ಓಡಿಹೋಗಿ ತಮ್ಮ ತಮ್ಮ ಸಾಲಿನಲ್ಲಿ ನಿಲ್ಲುತ್ತಾರೆ. ಆ ಮಾತಿನಲ್ಲಿ ಯೋಚಿಸಬೇಕಾದದ್ದು ಏನಾದರೂ ಇದೆಯೆಂದು ಅವರಿಗೆ ಹೊಳೆಯುವುದೇ ಇಲ್ಲ. ಆದರೆ ಯಾವ ಸಾಲಿಗೆ ಹೋದರೂ ನಗೆಗೀಡಾಗುವ ಮಗುವೊಂದು ಬಯಲಿನ ಅಂಚಿನಲ್ಲಿ ನಿಂತೇ ಉಳಿಯುವುದುಂಟು. ಮರುದಿನ ಹೊಟ್ಟೆನೋವೆಂದು ಹೇಳಿ ಅದು ತರಗತಿಯಲ್ಲೇ ಕುಳಿತುಕೊಳ್ಳುತ್ತದೆ. ಮುಂದೆ ಆಟದ ಅವಧಿಯನ್ನೇ ತಪ್ಪಿಸತೊಡಗುತ್ತದೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಹೀಗೆ ಬಿಟ್ಟುಹೋದ ಆಟ ಮತ್ತೆ ಕೈಗೆ ಬರುವುದು ಅಪರೂಪ. ಆಟದೊಂದಿಗೆ ಗೆಳೆತನ, ದೇಹಾರೋಗ್ಯ, ಆತ್ಮವಿಶ್ವಾಸ ಇವೂ ಕೈಬಿಟ್ಟುಹೋಗುತ್ತವೆ.

ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ಗುರುತಿಸಲ್ಪಟ್ಟು, ತಮ್ಮ ಅಂತರಂಗದ ಅರಿವಿನಲ್ಲಿ ಆ ಗುರುತಿಗೆ ಹೊಂದದೆ ಇರುವವರನ್ನು ಇಂದು ಲಿಂಗತ್ವ ಅಲ್ಪಸಂಖ್ಯಾತರೆಂದು ಕರೆಯಲಾಗುತ್ತಿದೆ. ಹೆಣ್ಣಾಗಿ ಬಾಳುವ ಟ್ರಾನ್ಸ್ ಮಹಿಳೆಯರು, ಗಂಡಾಗಿ ಬಾಳುವ ಟ್ರಾನ್ಸ್ ಪುರುಷರು, ಎರಡರಲ್ಲಿ ಯಾವುದಕ್ಕೂ ತಾವು ಪೂರ್ಣವಾಗಿ ಸೇರಿದವರಲ್ಲವೆನ್ನುವ ನಾನ್-ಬೈನರಿ ವ್ಯಕ್ತಿಗಳು ಇವರಲ್ಲಿ ಸೇರುತ್ತಾರೆ. ನಮ್ಮ ನಾಡಿಗೆ ಇವರು ಹೊಸಬರೇನಲ್ಲ. ಉತ್ತರ ಕರ್ನಾಟಕದ ಜೋಗಪ್ಪಂದಿರನ್ನು ಕಾಣದ ಕನ್ನಡಿಗರು ಕಡಮೆ. ತಮಿಳುನಾಡಿನಲ್ಲಿ ಟ್ರಾನ್ಸ್ ಮಹಿಳೆಯರಿಗೆ ತಿರುನಂಗೈ ಎಂಬ ಗೌರವದ ಹೆಸರು ಬಳಕೆಯಲ್ಲಿದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಅಂಕಣಗಳ ಹೊರಗೆ 'ಇತರೆ' ಎಂದು ದಾಖಲಾದವರು ದೇಶದಲ್ಲಿ 4,87,803 ಮಂದಿ. ಹೇಳಿಕೊಳ್ಳಲು ಅಂಜಿದವರು ಈ ಎಣಿಕೆಗೆ ಸಿಕ್ಕಿಲ್ಲವೆಂಬುದನ್ನು ಮರೆಯಬಾರದು.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಸಂವಿಧಾನದ ಸಮಾನತೆಯ ಹಕ್ಕು ಇವರಿಗೂ ಸಲ್ಲುತ್ತದೆಂದು ಸಾರಿತು. ಬಳಿಕ ಸಂಸತ್ತು 2019ರಲ್ಲಿ ಇವರ ಹಕ್ಕುಗಳ ಸಂರಕ್ಷಣೆಗಾಗಿ ಕಾಯಿದೆಯೊಂದನ್ನು ಅಂಗೀಕರಿಸಿತು. ಅದು 2020ರ ಜನವರಿ 10ರಂದು ಜಾರಿಗೆ ಬಂದಿತು. ಆ ಕಾಯಿದೆಯ 13ನೆಯ ಪ್ರಕರಣವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಕ್ರೀಡೆ, ಮನರಂಜನೆ ಮತ್ತು ವಿರಾಮದ ಚಟುವಟಿಕೆಗಳಲ್ಲಿ ಇವರಿಗೆ ಇತರರೊಡನೆ ಸಮಾನವಾಗಿ, ತಾರತಮ್ಯವಿಲ್ಲದೆ ಅವಕಾಶ ನೀಡಬೇಕೆಂದು ಅದು ವಿಧಿಸಿತು. ಸಾರ್ವಜನಿಕರ ಬಳಕೆಗೆಂದಿರುವ ಸೇವೆ, ಸೌಲಭ್ಯಗಳಲ್ಲಿ ತಾರತಮ್ಯ ಮಾಡುವುದನ್ನು 3ನೆಯ ಪ್ರಕರಣ ನಿಷೇಧಿಸಿತು. ಕಾನೂನಿನ ಮಾತು ಇಷ್ಟು ಸ್ಪಷ್ಟವಾಗಿದ್ದರೂ ಅದು ಆಟದ ಬಯಲಿಗೆ ಇಳಿಯುವುದು ನಿಧಾನ.

ಇಳಿದ ಕಡೆಗಳೂ ಇವೆ. ಮಣಿಪುರದಲ್ಲಿ ಹೋಳಿಯ ಕಾಲಕ್ಕೆ ಬರುವ ಯಾವೋಶಾಂಗ್ ಹಬ್ಬದಲ್ಲಿ ಕೇರಿ ಕೇರಿಗಳ ಸಂಘಗಳು ಕ್ರೀಡಾಕೂಟ ನಡೆಸುವುದು ವಾಡಿಕೆ. ಆಟವೆಂದರೆ ಅಲ್ಲಿ ಊರ ಹಬ್ಬ. ಅಂಥ ಊರಿನಲ್ಲಿ ಆಟದಿಂದ ಹೊರಗುಳಿಯುವುದೆಂದರೆ ಊರಿನಿಂದಲೇ ಹೊರಗುಳಿದಂತೆ. ಇಂಫಾಲದ 'ಯಾ ಆಲ್' ಎಂಬ ಸಂಸ್ಥೆ 2020ರಲ್ಲಿ ಟ್ರಾನ್ಸ್ ಆಟಗಾರರದೇ ಒಂದು ಫುಟ್‌ಬಾಲ್ ತಂಡವನ್ನು ಕಟ್ಟಿತು. ದೇಶದಲ್ಲೇ ಇಂಥ ಮೊದಲ ತಂಡವೆಂದು ಅದು ಹೆಸರಾಯಿತು. ಅದರಲ್ಲಿ ಆಡಿದವರಲ್ಲಿ ಹಲವರು ಮೊದಲು ಮಹಿಳಾ ತಂಡಗಳಲ್ಲಿ ಆಡಿದವರು. ಆಟ ಅವರಿಗೆ ಬರುತ್ತಿತ್ತು. ತಮ್ಮ ಹೆಸರಿನಲ್ಲಿ, ತಮ್ಮ ಉಡುಪಿನಲ್ಲಿ ಆಡಲು ತಾವೊಂದು ಇರಲಿಲ್ಲ. ಇದಕ್ಕೂ ಮೊದಲು, 2017ರ ಏಪ್ರಿಲ್‌ನಲ್ಲಿ, ಕೇರಳ ರಾಜ್ಯ ಕ್ರೀಡಾ ಮಂಡಳಿ ತಿರುವನಂತಪುರದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಕ್ರೀಡಾಕೂಟವನ್ನು ಏರ್ಪಡಿಸಿತ್ತು. ದೆಹಲಿಯ ಆರ್ಯನ್ ಪಾಶಾ ಎಂಬ ಟ್ರಾನ್ಸ್ ಪುರುಷರು 2018ರಲ್ಲಿ ದೇಹದಾರ್ಢ್ಯ ಸ್ಪರ್ಧೆಯೊಂದರ ಪುರುಷರ ವಿಭಾಗದಲ್ಲಿ ಎರಡನೆಯ ಸ್ಥಾನ ಗಳಿಸಿದರು. ಪ್ರತ್ಯೇಕ ಕೂಟ, ಪ್ರತ್ಯೇಕ ತಂಡ, ಎಲ್ಲರೊಡನೆ ಒಂದೇ ವೇದಿಕೆ - ದಾರಿ ಒಂದೇ ಅಲ್ಲವೆಂಬುದನ್ನು ಈ ಮೂರು ನಿದರ್ಶನಗಳು ತೋರುತ್ತವೆ. ಪ್ರತ್ಯೇಕ ಕೂಟವು ಹೆದರಿಕೆ ಕಳೆಯಲು ಮೊದಲ ಮೆಟ್ಟಿಲಾಗಬಹುದು. ಅಲ್ಲಿಗೇ ನಿಂತರೆ ಅದು ಮತ್ತೊಂದು ಬೇಲಿಯಾಗುವ ಅಪಾಯವೂ ಉಂಟು.

ಪದಕದ ಪ್ರಶ್ನೆ ಬೇರೆ

ಈ ವಿಷಯ ಎತ್ತಿದೊಡನೆ ಕೇಳಿಬರುವ ಆಕ್ಷೇಪಣೆ ಒಂದಿದೆ: "ಗಂಡು ದೇಹದ ಬಲವುಳ್ಳವರು ಹೆಣ್ಣುಮಕ್ಕಳ ಸ್ಪರ್ಧೆಯಲ್ಲಿ ಓಡಿದರೆ ಅದು ನ್ಯಾಯವೇ?" ಇದನ್ನು ತಳ್ಳಿಹಾಕುವಂತಿಲ್ಲ. ಪ್ರಾಯಕ್ಕೆ ಬರುವಾಗ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಎತ್ತರ, ಮೂಳೆಯ ಅಳತೆ, ಸ್ನಾಯುಬಲ ಇವನ್ನು ಹೆಚ್ಚಿಸುತ್ತದೆ. ಔಷಧದಿಂದ ಅದನ್ನು ತಗ್ಗಿಸಿದಾಗ ರಕ್ತದ ಹಿಮೋಗ್ಲೋಬಿನ್ ಕೆಲವೇ ತಿಂಗಳುಗಳಲ್ಲಿ ಮಹಿಳೆಯರ ಮಟ್ಟಕ್ಕೆ ಇಳಿಯುತ್ತದೆ, ಸ್ನಾಯುಬಲ ಮಾತ್ರ ನಿಧಾನವಾಗಿ, ಸ್ವಲ್ಪವೇ ತಗ್ಗುತ್ತದೆ, ಎತ್ತರವಂತೂ ಬದಲಾಗದು. ಈ ಕಾರಣದಿಂದಲೇ ಅಂತರರಾಷ್ಟ್ರೀಯ ನಿಯಮಗಳು ಪದೇ ಪದೇ ಬದಲಾಗಿವೆ. 2003ರಲ್ಲಿ ಒಲಿಂಪಿಕ್ ಸಮಿತಿಯ ತಜ್ಞರು ಶಸ್ತ್ರಚಿಕಿತ್ಸೆ ಮತ್ತು ಎರಡು ವರ್ಷದ ಹಾರ್ಮೋನು ಚಿಕಿತ್ಸೆಯ ಷರತ್ತು ವಿಧಿಸಿದ್ದರು. 2023ರ ಮಾರ್ಚ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು ಗಂಡು ಪ್ರಾಯವನ್ನು ಹಾದುಬಂದ ಟ್ರಾನ್ಸ್ ಮಹಿಳೆಯರನ್ನು ಮಹಿಳೆಯರ ವಿಭಾಗದ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಟ್ಟಿತು. 2025ರ ಸೆಪ್ಟೆಂಬರ್ 1ರಿಂದ ವಂಶವಾಹಿ ಪರೀಕ್ಷೆಯನ್ನೂ ಜಾರಿಗೆ ತಂದಿತು.

ಪರೀಕ್ಷೆಯ ಉರುಳು ಎಲ್ಲಿಗೆ ಬೀಳುತ್ತದೆಂಬುದಕ್ಕೆ ನಮ್ಮದೇ ದೇಶದ ಉದಾಹರಣೆಯಿದೆ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಬಡ ಕುಟುಂಬದ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡೆಗಳಲ್ಲಿ 800 ಮೀಟರ್ ಓಟದ ಬೆಳ್ಳಿ ಪದಕ ಗೆದ್ದರು. ಓಟದ ನಂತರ ನಡೆದ ಲಿಂಗ ಪರೀಕ್ಷೆಯ ಆಧಾರದ ಮೇಲೆ ಪದಕವನ್ನು ಹಿಂದಕ್ಕೆ ಪಡೆಯಲಾಯಿತು. ಅವರು ಟ್ರಾನ್ಸ್ ವ್ಯಕ್ತಿಯಲ್ಲ. ಹೆಣ್ಣಾಗಿಯೇ ಹುಟ್ಟಿ ಬೆಳೆದವರು. ದೇಹರಚನೆಯಲ್ಲಿ ಹುಟ್ಟಿನಿಂದಲೇ ಇಂಥ ಭಿನ್ನತೆ ಉಳ್ಳವರನ್ನು ಅಂತರಲಿಂಗಿಗಳೆನ್ನುತ್ತಾರೆ. ಗೆದ್ದವರ ಹೆಸರಿಗಿಂತ ಮೊದಲು ಪರೀಕ್ಷೆಯ ಸುದ್ದಿ ಊರೂರಿಗೆ ತಲುಪಿತು. ಮುಂದೆ ಅವರು ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಪಡೆದು ತಮಿಳುನಾಡಿನಲ್ಲಿ ಎಳೆಯ ಓಟಗಾರರಿಗೆ ಗುರುವಾದರು. ಓಟವನ್ನು ಅವರು ಬಿಡಲಿಲ್ಲವೆಂಬುದೇ ದೊಡ್ಡ ಸಂಗತಿ.

ಆದರೆ ಗಮನಿಸಬೇಕಾದುದು ಇಷ್ಟು. ಏಷ್ಯನ್ ಕ್ರೀಡೆಗಳ ಅಂಕಣಕ್ಕೆ ಹೋಗುವವರು ಬೆರಳೆಣಿಕೆಯಷ್ಟು. ಉದ್ಯಾನದಲ್ಲಿ ಓಡುವವರು, ವ್ಯಾಯಾಮಶಾಲೆಗೆ ಚಂದಾ ಕಟ್ಟುವವರು, ಭಾನುವಾರ ಟೆನಿಸ್ ಚೆಂಡಿನ ಕ್ರಿಕೆಟ್ ಆಡುವವರು ಲಕ್ಷಾಂತರ. ಪದಕಕ್ಕಾಗಿ ಮಾಡಿದ ನಿಯಮವನ್ನು ಬಡಾವಣೆಯ ಕೇರಂ ಪಂದ್ಯಕ್ಕೆ ಅನ್ವಯಿಸುವುದು ಅರ್ಥವಿಲ್ಲದ ಕೆಲಸ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿತು. ಆ ಸಲಹೆ ಯಾರ ಲಿಂಗವನ್ನೂ ಕೇಳಿಲ್ಲ.

ಬಾಗಿಲಲ್ಲೇ ತಡೆಯುವ ಸಣ್ಣ ಸಂಗತಿಗಳು

ವ್ಯಾಯಾಮಶಾಲೆಗೆ ಬರಬೇಕೆಂದಿರುವ ಟ್ರಾನ್ಸ್ ವ್ಯಕ್ತಿಯನ್ನು ಹಿಂದಕ್ಕೆ ಕಳಿಸುವುದು ಸಾಮಾನ್ಯವಾಗಿ ಯಾವ ನಿಯಮವೂ ಅಲ್ಲ, ಬಟ್ಟೆ ಬದಲಿಸುವ ಕೊಠಡಿ. ಸಾಲಾಗಿ ತೆರೆದ ಗೂಟಗಳು, ಒಂದೇ ಬೆಂಚು, ಬಾಗಿಲಿಲ್ಲದ ಸ್ನಾನದ ಮನೆ - ಈ ವ್ಯವಸ್ಥೆ ಎಷ್ಟೋ ಹೆಣ್ಣುಮಕ್ಕಳಿಗೂ, ಗಾಯದ ಗುರುತಿರುವವರಿಗೂ ಮುಜುಗರದ್ದೇ. ಒಳಗಿನಿಂದ ಚಿಲಕ ಹಾಕಬಹುದಾದ ಒಂದೆರಡು ಪ್ರತ್ಯೇಕ ಕೋಣೆಗಳು, ಯಾರು ಬೇಕಾದರೂ ಬಳಸಬಹುದೆಂಬ ಫಲಕ ಇಷ್ಟಿದ್ದರೆ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಮುಂಬಯಿಯಂಥ ಇಕ್ಕಟ್ಟಿನ ನಗರದಲ್ಲಿ ಜಾಗ ಎಲ್ಲಿಂದ ಎಂದು ಕೇಳಬಹುದು. ಒಂದು ಮೂಲೆಗೆ ಹಲಗೆಯ ಅಡ್ಡಗೋಡೆ, ಒಂದು ಬಾಗಿಲು ಸಾಕು. ಅದೂ ಆಗದ ಕಡೆ ಮನೆಯಿಂದಲೇ ಆಟದ ಉಡುಪು ಧರಿಸಿ ಬರಲು ಅಡ್ಡಿಯಿಲ್ಲವೆಂದು ಮೊದಲೇ ತಿಳಿಸಿದರೆ ಎಷ್ಟೋ ಅನುಕೂಲ.

ಎರಡನೆಯದು ನೋಂದಣಿಯ ಅರ್ಜಿ. ಗಂಡು, ಹೆಣ್ಣು ಎಂಬ ಎರಡೇ ಅಂಕಣಗಳಿದ್ದರೆ ನಾನ್-ಬೈನರಿ ವ್ಯಕ್ತಿ ಮೊದಲ ಸಾಲಿನಲ್ಲೇ ಸುಳ್ಳು ಬರೆಯಬೇಕಾಗುತ್ತದೆ. ಮೂರನೆಯ ಅಂಕಣವನ್ನು ಸೇರಿಸಬಹುದು. ಲಿಂಗದ ಮಾಹಿತಿಯಿಂದ ಏನೂ ಪ್ರಯೋಜನವಿಲ್ಲದ ಕಡೆ ಆ ಪ್ರಶ್ನೆಯನ್ನೇ ತೆಗೆದುಹಾಕಬಹುದು. ದಾಖಲೆಯಲ್ಲಿ ಒಂದು ಹೆಸರು, ಬಳಕೆಯಲ್ಲಿ ಇನ್ನೊಂದು ಹೆಸರು ಇರುವವರ ಹಾಜರಿಯನ್ನು ಬಳಕೆಯ ಹೆಸರಿನಲ್ಲೇ ಕೂಗಬೇಕು. ನ್ಯೂಯಾರ್ಕ್ ಮ್ಯಾರಥಾನ್ 2021ರಲ್ಲಿ, ಬಾಸ್ಟನ್ ಮತ್ತು ಲಂಡನ್ ಮ್ಯಾರಥಾನ್‌ಗಳು 2023ರಲ್ಲಿ ನಾನ್-ಬೈನರಿ ಓಟಗಾರರಿಗೆ ಪ್ರತ್ಯೇಕ ವಿಭಾಗವನ್ನು ತೆರೆದವು. ಓಟದ ದಾರಿ ಅದೇ, ದೂರ ಅದೇ. ಬದಲಾದದ್ದು ಅರ್ಜಿಯ ಒಂದು ಗೆರೆ.

ಮಾತಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ಸೌಕರ್ಯವಿದೆ. 'ಅವನು', 'ಅವಳು' ಎಂದರೆ ಲಿಂಗ ತಿಳಿಯುತ್ತದೆ. 'ಅವರು', 'ಬಂದರು' ಎಂದರೆ ತಿಳಿಯುವುದಿಲ್ಲ, ಗೌರವ ಮಾತ್ರ ತಿಳಿಯುತ್ತದೆ. ಹಿಂದಿ, ಮರಾಠಿಗಳಲ್ಲಿ ಕ್ರಿಯಾಪದವೇ ಲಿಂಗವನ್ನು ಹೇಳಿಬಿಡುವುದರಿಂದ ಅಲ್ಲಿ ಈ ಅನುಕೂಲ ಅಷ್ಟು ಸುಲಭವಾಗಿ ದೊರೆಯದು. ತರಬೇತುದಾರರು ಎಲ್ಲರನ್ನೂ 'ನೀವು' ಎಂದು ಕರೆಯುವ ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ, ಯಾರಾದರೂ ಅಣಕಿಸಿದಾಗ ಸುಮ್ಮನಿರದಿರುವುದು. "ಗಂಡಸಾಗಿ ಹೀಗೆ ಸೋಲುತ್ತೀಯಾ", "ಹೆಣ್ಣಿನಂತೆ ಓಡುತ್ತೀಯಾ" ಎಂಬ ಹಳೆಯ ಬೈಗುಳಗಳು ಯಾವ ಮಗುವಿನ ಓಟವನ್ನೂ ಚುರುಕುಗೊಳಿಸಿದ್ದನ್ನು ಈ ಲೇಖಕರು ಕಂಡಿಲ್ಲ.

ಉಡುಪಿನ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ: ಸಡಿಲವಾದ ಅಂಗಿ, ಮೊಣಕಾಲವರೆಗಿನ ಚಡ್ಡಿ ಅಥವಾ ಪೂರ್ಣ ಪೈಜಾಮಾ, ಯಾವುದನ್ನು ಬೇಕಾದರೂ ಆಯ್ದುಕೊಳ್ಳುವ ಸ್ವಾತಂತ್ರ್ಯವಿರಲಿ.

ದೇಹದ ಆರೈಕೆ

ವ್ಯಾಯಾಮ ಹೇಳಿಕೊಡುವವರು ತಿಳಿದಿರಬೇಕಾದ ಕೆಲವು ವೈದ್ಯಕೀಯ ಸಂಗತಿಗಳಿವೆ. ವೃಷಣ ಅಥವಾ ಅಂಡಾಶಯವನ್ನು ತೆಗೆಸಿಕೊಂಡು, ಬಳಿಕ ಹಾರ್ಮೋನು ಚಿಕಿತ್ಸೆ ಪಡೆಯದೆ ಇರುವವರ ಮೂಳೆಗಳು ವರ್ಷಗಳು ಕಳೆದಂತೆ ದುರ್ಬಲವಾಗುತ್ತವೆ. ವೈದ್ಯರ ನೆರವಿಲ್ಲದೆ ಎಳೆಯ ವಯಸ್ಸಿನಲ್ಲೇ ಇಂಥದಕ್ಕೆ ಒಳಗಾದವರು ನಮ್ಮಲ್ಲಿ ಇರುವುದರಿಂದ ಇದು ಸಣ್ಣ ವಿಷಯವಲ್ಲ. ವೇಗದ ನಡಿಗೆ, ಮೆಟ್ಟಿಲು ಹತ್ತುವುದು, ಹದವಾದ ಭಾರ ಎತ್ತುವುದು ಇವು ಮೂಳೆಗೆ ಬಲ ಕೊಡುತ್ತವೆ. ಜೊತೆಗೆ ವೈದ್ಯರ ಸಲಹೆಯೂ ಅಗತ್ಯ. ಟ್ರಾನ್ಸ್ ಪುರುಷರಲ್ಲಿ ಕೆಲವರು ಎದೆಯನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. ಓಡುವಾಗ, ಭಾರ ಎತ್ತುವಾಗ ಹಾಗೆ ಕಟ್ಟಿಕೊಂಡರೆ ಉಸಿರು ಪೂರ್ಣವಾಗಿ ಆಡುವುದಿಲ್ಲ, ಪಕ್ಕೆಲುಬು ನೋಯುತ್ತದೆ. ಗಾಯದ ಪಟ್ಟಿಯನ್ನಂತೂ ಇದಕ್ಕೆ ಬಳಸಲೇಬಾರದು. ವ್ಯಾಯಾಮದ ವೇಳೆ ಅದನ್ನು ಬಿಚ್ಚಿ, ಕ್ರೀಡೆಗೆಂದೇ ಮಾಡಿದ ಒಳಉಡುಪು ಮತ್ತು ಅದರ ಮೇಲೆ ಸಡಿಲ ಅಂಗಿ ಧರಿಸುವುದು ಕ್ಷೇಮ. ಆದರೆ ಅವರು ಅದನ್ನು ಬಿಚ್ಚಬೇಕಾದರೆ ಚಿಲಕವಿರುವ ಕೋಣೆ ಬೇಕು.

ದೇಹದ ಕಸುವು ಕೆಲವರಿಗೆ ಉದ್ಯೋಗದ ಪ್ರಶ್ನೆಯೂ ಹೌದು. ತಮಿಳುನಾಡಿನ ಪೃಥಿಕಾ ಯಾಶಿನಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಿದಾಗ ಅರ್ಜಿಯಲ್ಲಿ ಇವರಿಗೆ ಅಂಕಣವೇ ಇರಲಿಲ್ಲ. ನ್ಯಾಯಾಲಯದ ಮೊರೆಹೊಕ್ಕು ದೈಹಿಕ ಪರೀಕ್ಷೆಗೆ ಹಾಜರಾದರು. 100 ಮೀಟರ್ ಓಟದಲ್ಲಿ ಸುಮಾರು ಒಂದು ಸೆಕೆಂಡು ಹಿಂದೆ ಬಿದ್ದರು. 2015ರ ನವೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಅವರು ನೇಮಕಕ್ಕೆ ಅರ್ಹರೆಂದು ತೀರ್ಪಿತ್ತಿತು. 2017ರಲ್ಲಿ ಅವರು ಅಧಿಕಾರ ವಹಿಸಿಕೊಂಡರು. ಕರ್ನಾಟಕ ಸರ್ಕಾರವು 2021ರಲ್ಲಿ ರಾಜ್ಯದ ನಾಗರಿಕ ಸೇವೆಗಳ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರಷ್ಟು ಮೀಸಲಾತಿ ನೀಡಿತು. ಪೊಲೀಸ್ ಹುದ್ದೆಗಳಿಗೆ ಓಟ, ಜಿಗಿತ, ಗುಂಡು ಎಸೆತದ ಪರೀಕ್ಷೆಗಳಿರುತ್ತವೆ. ಹನ್ನೆರಡರ ವಯಸ್ಸಿನಲ್ಲಿ ಆಟದ ಬಯಲನ್ನು ಬಿಟ್ಟವರು ಇಪ್ಪತ್ತೆರಡರಲ್ಲಿ ಒಮ್ಮೆಲೇ ಈ ಪರೀಕ್ಷೆಗೆ ನಿಲ್ಲುವುದು ಹೇಗೆ? ಮೀಸಲಾತಿಯ ಹುದ್ದೆ ತುಂಬಬೇಕಾದರೆ ಅಭ್ಯಾಸದ ಬಯಲೂ ತೆರೆದಿರಬೇಕು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವದ ಸಮಯದಲ್ಲಿ ಸದಸ್ಯರ ಕುಟುಂಬಗಳಿಗಾಗಿ ಆಟೋಟಗಳನ್ನು ಏರ್ಪಡಿಸುವುದುಂಟು. ಕಾರ್ಯಕ್ರಮದ ಪಟ್ಟಿ ಸಿದ್ಧಪಡಿಸುವಾಗ ಪದಾಧಿಕಾರಿಗಳು ಒಂದೊಂದು ಆಟದ ಮುಂದೆಯೂ, ಇದಕ್ಕೆ ಗಂಡು ಹೆಣ್ಣೆಂಬ ವಿಭಾಗ ಬೇಕೇ ಎಂದು ಕೇಳಿಕೊಂಡು ನೋಡಬಹುದು. ನಿಂಬೆಹಣ್ಣು ಚಮಚದ ಓಟಕ್ಕೆ, ಲಗೋರಿಗೆ, ಚದುರಂಗಕ್ಕೆ ಬೇಡ. ಓಟದ ಪಂದ್ಯಗಳನ್ನು ವಯಸ್ಸಿನ ಮೇಲೆ ವಿಂಗಡಿಸಬಹುದು. ಹಗ್ಗ ಜಗ್ಗಾಟಕ್ಕೆ ಎರಡೂ ಕಡೆಯವರ ಒಟ್ಟು ತೂಕ ಸಮನಾಗಿದ್ದರೆ ಆಯಿತು; ಅದಕ್ಕೆ ಬೇಕಾದುದು ಒಂದು ತೂಕದ ಯಂತ್ರ.